ರಷ್ಯದ ನಟಗುರುವೂ ನಮ್ಮ ಬಯಲಾಟದ ಸಾರಥಿಯೂ

ಶಿಲ್ಪಿಯ ಕೆಲಸ ಕಲ್ಲಿನಲ್ಲಿ ನಿಲ್ಲುತ್ತದೆ. ಕವಿಯದು ಓಲೆಯಲ್ಲಿ ನಿಲ್ಲುತ್ತದೆ. ಗಾಯಕನದು ಶಿಷ್ಯನ ಕಂಠದಲ್ಲಿಯಾದರೂ ಉಳಿಯುತ್ತದೆ. ನಟನ ಕೆಲಸ ಮಾತ್ರ ಅವನು ಮುಖದ ಬಣ್ಣ ತೊಳೆದುಕೊಂಡೊಡನೆ ಕರಗಿಹೋಗುತ್ತದೆ. ಇಷ್ಟು ಕ್ಷಣಿಕವಾದ ಒಂದು ವಿದ್ಯೆ ರಷ್ಯದಲ್ಲಿ ರೂಪುಗೊಂಡು, ಅರ್ಧ ಶತಮಾನದೊಳಗೆ ಭೂಮಂಡಲದ ಬಹುಭಾಗವನ್ನು ಆವರಿಸಿತು. ಅದೇ ಕಾಲದಲ್ಲಿ ನಮ್ಮ ಸೀಮೆಯಲ್ಲಿದ್ದ ಅಭಿನಯ ವಿದ್ಯೆ ಪಕ್ಕದ ತಾಲ್ಲೂಕಿನ ಗಡಿಯನ್ನೂ ದಾಟಲಿಲ್ಲ. ಹೀಗೇಕಾಯಿತು? ಈ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಅಪ್ಪಣೆ ಕೊಡಿಸಿದಾಗ, ಹಲವು ವರ್ಷಗಳಿಂದ ಮನಸ್ಸಿನಲ್ಲಿ ಕೊರೆಯುತ್ತಿದ್ದ ಈ ಪ್ರಶ್ನೆಯನ್ನೇ ಓದುಗರ ಮುಂದಿಡುವುದು ಉಚಿತವೆಂದು ತೋರಿತು. ಹಳಗನ್ನಡವನ್ನೂ ಅಲಂಕಾರಶಾಸ್ತ್ರವನ್ನೂ ಓದಿದ ನನಗೆ ರಷ್ಯದ ನಾಟಕದ ಗೊಡವೆ ಏಕೆಂದು ಕೆಲವರು ಕೇಳಬಹುದು. ಶಾಲೆಯ ವಾರ್ಷಿಕೋತ್ಸವಕ್ಕೆ ಮಕ್ಕಳಿಂದ ನಾಟಕವಾಡಿಸುವ ಹೊಣೆ ಕನ್ನಡ ಪಂಡಿತನ ಹೆಗಲಿಗೇ ಬೀಳುತ್ತದೆ ಎಂಬುದೇ ಅದಕ್ಕೆ ಉತ್ತರ.

ಮೊದಲು ಕಥೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಕಾನ್‌ಸ್ಟಾಂಟಿನ್ ಸ್ಟಾನಿಸ್ಲಾವ್‌ಸ್ಕಿ ೧೮೬೩ರಲ್ಲಿ ಮಾಸ್ಕೋ ನಗರದ ಸಿರಿವಂತ ವರ್ತಕರ ಮನೆಯಲ್ಲಿ ಹುಟ್ಟಿದವರು. ೧೮೯೮ರಲ್ಲಿ ನೆಮಿರೋವಿಚ್ ದಾನ್‌ಚೆಂಕೊ ಎಂಬ ಮಿತ್ರರೊಡನೆ ಮಾಸ್ಕೋ ಆರ್ಟ್ ಥಿಯೇಟರ್ ಎಂಬ ರಂಗಮಂದಿರವನ್ನು ಸ್ಥಾಪಿಸಿದರು. ಎರಡು ವರ್ಷಗಳ ಹಿಂದೆ ಪೀಟರ್ಸ್‌ಬರ್ಗ್ ನಗರದಲ್ಲಿ ಪ್ರೇಕ್ಷಕರ ಅಪಹಾಸ್ಯಕ್ಕೆ ಗುರಿಯಾಗಿದ್ದ ಚೆಕಾಫ್ ಮಹಾಶಯರ ‘ಸೀಗಲ್’ ನಾಟಕ ಇಲ್ಲಿ ಅದೇ ವರ್ಷ ಜಯಭೇರಿ ಹೊಡೆಯಿತು. ಅದರ ನೆನಪಿಗೆ ಆ ಕಡಲಹಕ್ಕಿಯೇ ಮಂದಿರದ ಲಾಂಛನವಾಯಿತು. ಕೀರ್ತಿ ಬಂತು, ಜನ ಬಂದರು. ಆದರೆ ೧೯೦೬ರಲ್ಲಿ ಫಿನ್ಲೆಂಡಿನಲ್ಲಿ ವಿಶ್ರಾಂತಿಗೆಂದು ಹೋದಾಗ, ಕಡಲ ತಡಿಯ ಬಂಡೆಯ ಮೇಲೆ ಕುಳಿತು ಆ ನಟ ತನ್ನನ್ನು ತಾನೇ ಪರೀಕ್ಷಿಸಿಕೊಂಡರು. ಒಂದು ಕಾಲಕ್ಕೆ ಮೈದುಂಬಿ ಆಡುತ್ತಿದ್ದ ಪಾತ್ರಗಳನ್ನು ಈಗ ತಾನು ಬರಿಯ ಅಭ್ಯಾಸಬಲದಿಂದ ಆಡುತ್ತಿದ್ದೇನೆ, ಕೈ ಕಾಲುಗಳು ನೆನಪಿನಿಂದ ಚಲಿಸುತ್ತಿವೆ, ಒಳಗೆ ಏನೂ ಇಲ್ಲ ಎಂಬ ಅರಿವು ಅವರಿಗಾಯಿತು. ಜನ ಚಪ್ಪಾಳೆ ತಟ್ಟುತ್ತಿರುವಾಗಲೇ ತನ್ನ ಬರಿದುತನವನ್ನು ಒಪ್ಪಿಕೊಳ್ಳುವುದು ಸಾಮಾನ್ಯ ಧೈರ್ಯವಲ್ಲ. ೧೯೩೮ರಲ್ಲಿ ಕಣ್ಣು ಮುಚ್ಚುವವರೆಗೂ ಅವರು ಹುಡುಕಿದ್ದು ಒಂದನ್ನೇ: ಸ್ಫೂರ್ತಿ ಬಂದಾಗ ಚೆನ್ನಾಗಿ ಆಡುವುದು ಎಲ್ಲರಿಗೂ ಸಾಧ್ಯ, ಬಾರದ ದಿನವೂ ಸತ್ಯವಾಗಿ ಆಡುವುದಕ್ಕೆ ಅಭ್ಯಾಸಕ್ರಮವೊಂದುಂಟೆ?

ಆ ಕ್ರಮದ ತಿರುಳು ಬಹು ಸರಳವಾದುದು. ‘ಅಳು’ ಎಂದರೆ ನಟ ಅಳಲಾರ. ಅತ್ತರೂ ಅದು ಕಣ್ಣೀರಿನ ಪ್ರದರ್ಶನವಾದೀತು. ‘ಈ ಸನ್ನಿವೇಶದಲ್ಲಿ ನಾನೇ ಇದ್ದಿದ್ದರೆ ಏನು ಮಾಡುತ್ತಿದ್ದೆ?’ ಎಂದು ಅವನು ತನ್ನನ್ನೇ ಕೇಳಿಕೊಳ್ಳಬೇಕು. ನಾನು ಯಾರು, ಎಲ್ಲಿಂದ ಬಂದೆ, ಏನನ್ನು ಬಯಸಿ ಬಂದೆ, ನನ್ನ ಬಯಕೆಗೆ ಅಡ್ಡಿ ಏನು ಎಂಬಿವನ್ನು ನಾಟಕದ ಪಾಠದಿಂದಲೇ ಶೋಧಿಸಿ ತೆಗೆಯಬೇಕು. ಆಗ ಮಾಡತಕ್ಕ ಕ್ರಿಯೆ ತಾನಾಗಿ ಹೊಳೆಯುತ್ತದೆ. ಕ್ರಿಯೆ ಸತ್ಯವಾದರೆ ಭಾವ ಅದರ ಬೆನ್ನ ಹಿಂದೆ ಬರುತ್ತದೆ.

ಇದು ಹೊರದೇಶಗಳಿಗೆ ಹೋದ ಬಗೆಯನ್ನು ಗಮನಿಸಬೇಕು. ೧೯೨೩–೨೪ರಲ್ಲಿ ಮಾಸ್ಕೋ ತಂಡ ಅಮೆರಿಕಾದಲ್ಲಿ ಸಂಚರಿಸಿ ನಾಟಕಗಳನ್ನಾಡಿತು. ನೋಡಿದವರು ಬೆರಗಾದರು. ಆ ಮಂದಿರದಲ್ಲಿ ಕಲಿತ ಬೊಲೆಸ್ಲಾವ್‌ಸ್ಕಿ ಮತ್ತು ಉಸ್ಪೆನ್ಸ್‌ಕಾಯಾ ಎಂಬಿಬ್ಬರು ನ್ಯೂಯಾರ್ಕಿನಲ್ಲಿ ನೆಲೆಸಿ ಪಾಠಶಾಲೆ ತೆರೆದರು. ಅವರಲ್ಲಿ ಕಲಿತ ಲೀ ಸ್ಟ್ರಾಸ್‌ಬರ್ಗ್ ಮೊದಲಾದವರು ೧೯೩೧ರಲ್ಲಿ ಗ್ರೂಪ್ ಥಿಯೇಟರ್ ಕಟ್ಟಿದರು. ೧೯೪೭ರಲ್ಲಿ ಆಕ್ಟರ್ಸ್ ಸ್ಟುಡಿಯೊ ಹುಟ್ಟಿತು. ಮರ್ಲಾನ್ ಬ್ರಾಂಡೊ ಎಂಬ ಹೆಸರಾಂತ ನಟನಿಗೆ ಪಾಠ ಹೇಳಿದ ಸ್ಟೆಲ್ಲಾ ಅಡ್ಲರ್ ಇದೇ ಪರಂಪರೆಯವರು. ಇಂದು ಚಲನಚಿತ್ರಗಳಲ್ಲಿ ಸಹಜಾಭಿನಯವೆಂದು ಯಾವುದನ್ನು ನಾವು ಮೆಚ್ಚುತ್ತೇವೆಯೋ ಅದರ ಬಹುಪಾಲು ಈ ಕಾಲುವೆಯಿಂದ ಹರಿದು ಬಂದ ನೀರು.

ಆದರೆ ಕಾಲುವೆಯ ನೀರಿಗೆ ದಾರಿಯ ಮಣ್ಣಿನ ಬಣ್ಣ ಹತ್ತುವುದುಂಟು. ಸ್ಟಾನಿಸ್ಲಾವ್‌ಸ್ಕಿಯವರು ಬರೆಯಲೆಣಿಸಿದ್ದ ಗ್ರಂಥದ ಮೊದಲ ಭಾಗ ೧೯೩೬ರಲ್ಲಿ ಸಂಗ್ರಹರೂಪದಲ್ಲಿ ಇಂಗ್ಲಿಷಿನಲ್ಲಿ ಹೊರಬಂತು. ರಷ್ಯನ್ ಭಾಷೆಯಲ್ಲಿ ಬಂದುದು ಅದಾದ ಎರಡು ವರ್ಷಕ್ಕೆ. ಆ ಭಾಗದಲ್ಲಿದ್ದುದು ನಟನ ಅಂತರಂಗದ ಸಾಧನೆ. ಧ್ವನಿ, ಉಚ್ಚಾರ, ನಡಿಗೆ, ಲಯ, ಅಂಗಸಾಧನೆಗಳನ್ನು ಕುರಿತ ಎರಡನೆಯ ಭಾಗ ಇಂಗ್ಲಿಷಿಗೆ ಬಂದುದು ೧೯೪೯ರಲ್ಲಿ! ನಡುವಿನ ಹದಿಮೂರು ವರ್ಷ ಇಂಗ್ಲಿಷ್ ಬಲ್ಲ ಜಗತ್ತು ಗುರುವಿನ ಅರ್ಧ ಮಾತನ್ನೇ ಪೂರ್ಣವೆಂದು ತಿಳಿದು ನಡೆಯಿತು. ‘ಭಾವ, ಭಾವ’ ಎಂದಿತು. ನಾಲಗೆಯನ್ನೂ ಬೆನ್ನೆಲುಬನ್ನೂ ಮರೆಯಿತು. ಸ್ವಂತ ಬಾಳಿನ ದುಃಖವನ್ನು ಕೆದಕಿ ಕೆದಕಿ ಪಾತ್ರಕ್ಕೆ ಕಣ್ಣೀರು ತರಿಸುವುದೇ ಅಭಿನಯವೆಂಬ ಮತವೊಂದು ಬೆಳೆಯಿತು. ೧೯೩೪ರಲ್ಲಿ ಸ್ಟೆಲ್ಲಾ ಅಡ್ಲರ್ ಪ್ಯಾರಿಸಿನಲ್ಲಿ ಗುರುವನ್ನೇ ಕಂಡು ಕೇಳಿದಾಗ, ಅವರು ಸ್ವಂತ ದುಃಖದ ಸ್ಮರಣೆಗಿಂತ ನಾಟಕದ ಸನ್ನಿವೇಶಕ್ಕೂ ಕ್ರಿಯೆಗೂ ಹೆಚ್ಚಿನ ಬೆಲೆ ಕೊಟ್ಟರು. ಅಡ್ಲರ್ ಅದನ್ನು ತಂದು ಹೇಳಿದಾಗ ಶಿಷ್ಯರಲ್ಲಿಯೇ ಒಡಕುಂಟಾಯಿತು. ಅರೆವಿದ್ಯೆ ಅಪಾಯಕರವೆಂಬ ನಮ್ಮ ಹಿರಿಯರ ಮಾತಿಗೆ ಇದಕ್ಕಿಂತ ನಿದರ್ಶನ ಬೇಕೆ?

ಇನ್ನು ನಮ್ಮ ಶಾಸ್ತ್ರದ ಮಾತು. ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕವೆಂದು ಭರತಮುನಿಗಳು ಅಭಿನಯವನ್ನು ನಾಲ್ಕಾಗಿ ವಿಂಗಡಿಸಿದ್ದಾರೆ. ಸ್ತಂಭ, ಸ್ವೇದ, ರೋಮಾಂಚ, ಅಶ್ರು ಮುಂತಾದ ಎಂಟು ಸಾತ್ತ್ವಿಕ ಭಾವಗಳನ್ನು ಎಣಿಸಿ, ಇವು ಮನಸ್ಸಿನ ಏಕಾಗ್ರತೆಯಿಂದ ಹುಟ್ಟತಕ್ಕವು, ಅನ್ಯಮನಸ್ಕನಿಂದ ಸಾಧ್ಯವಾಗತಕ್ಕವಲ್ಲ ಎಂದು ಸ್ಪಷ್ಟಪಡಿಸಿದ್ದಾರೆ. ಮಾಸ್ಕೋ ಗುರುವಿನ ಪ್ರಶ್ನೆ ಇದಕ್ಕೆ ಹತ್ತಿರವಾದುದೇ. ಆದರೆ ಅಭಿನವಗುಪ್ತಾಚಾರ್ಯರು ಇನ್ನೊಂದು ಸೂಕ್ಷ್ಮವನ್ನು ಎತ್ತಿದರು. ರಸವನ್ನು ಸವಿಯುವವನು ಸಹೃದಯ. ನಟನು ಅದನ್ನು ತಂದುಕೊಡುವ ಪಾತ್ರೆ. ಪಾನಪಾತ್ರೆ ತಾನು ಪಾನರಸವನ್ನು ಸವಿಯುವುದಿಲ್ಲ; ಆದುದರಿಂದಲೇ ಅವನಿಗೆ ‘ಪಾತ್ರ’ವೆಂದು ಹೆಸರು. ದಶರೂಪಕಕಾರ ಧನಂಜಯನಾದರೋ ನಟನಿಗೂ ಕಾವ್ಯಾರ್ಥದ ಆಸ್ವಾದ ನಿಷಿದ್ಧವಲ್ಲವೆಂದು ಸ್ವಲ್ಪ ಅವಕಾಶ ಕೊಟ್ಟ. ನಟನು ಎಷ್ಟು ಅನುಭವಿಸಬೇಕು, ಎಷ್ಟು ದೂರ ನಿಲ್ಲಬೇಕು ಎಂದು ನ್ಯೂಯಾರ್ಕಿನಲ್ಲಿ ನಡೆದ ಜಗಳ ಸಾವಿರ ವರ್ಷಗಳ ಹಿಂದೆಯೇ ನಮ್ಮಲ್ಲಿ ನಡೆದಿತ್ತು.

ಹಾಗೆಂದು ‘ಎಲ್ಲವೂ ನಮ್ಮಲ್ಲಿಯೇ ಇತ್ತು’ ಎಂದು ಎದೆ ತಟ್ಟಿಕೊಳ್ಳುವವರ ಸಾಲಿನಲ್ಲಿ ನಾನು ನಿಲ್ಲಲಾರೆ. ಭರತಮುನಿಗಳು ಮನಸ್ಸು ಏಕಾಗ್ರವಾಗಬೇಕೆಂದರು. ನಟ್ಟ ನಡುರಾತ್ರಿ, ಸಾವಿರ ಜನರ ಗದ್ದಲದ ನಡುವೆ, ಅದನ್ನು ಏಕಾಗ್ರಗೊಳಿಸುವ ನಿತ್ಯದ ಪಾಠವೊಂದನ್ನು ಮೆಟ್ಟಿಲು ಮೆಟ್ಟಿಲಾಗಿ ಬರೆದಿಟ್ಟುದು ರಷ್ಯದವರ ಹೆಚ್ಚುಗಾರಿಕೆ. ಆ ಪಾಠಕ್ಕೆ ಅವರು ನೆರವು ಪಡೆದ ಮೂಲಗಳಲ್ಲಿ ಯೋಗಾಭ್ಯಾಸವೂ ಒಂದೆಂಬುದು ಸ್ವಾರಸ್ಯಕರ. ೧೯೧೨ರಲ್ಲಿ ತೆರೆದ ಪ್ರಥಮ ಸ್ಟುಡಿಯೊದಲ್ಲಿ ಸುಲೆರ್ಜಿತ್‌ಸ್ಕಿ ಎಂಬ ಸಹೋದ್ಯೋಗಿ ತರುಣ ನಟರಿಗೆ ಪ್ರಾಣ, ಧಾರಣೆಗಳ ಅಭ್ಯಾಸ ಮಾಡಿಸುತ್ತಿದ್ದರು. ಅದಕ್ಕೆ ಆಧಾರ ‘ಯೋಗಿ ರಾಮಚರಕ’ ಎಂಬ ಹೆಸರಿನಲ್ಲಿ ಅಚ್ಚಾದ ಪುಸ್ತಕಗಳು. ಬರೆದ ರಾಮಚರಕರಾದರೋ ಹಿಮಾಲಯದವರಲ್ಲ. ವಿಲಿಯಂ ಆಟ್ಕಿನ್‌ಸನ್ ಎಂಬ ಅಮೆರಿಕನ್ನರು! ನಮ್ಮ ಯೋಗ ಅಮೆರಿಕಾದ ವೇಷ ತೊಟ್ಟು, ರಷ್ಯದ ಅಂಗಳದಲ್ಲಿ ಪಳಗಿ, ಮತ್ತೆ ನಮ್ಮ ದೆಹಲಿಗೆ ಅಭಿನಯಶಾಸ್ತ್ರವಾಗಿ ಬಂತೆಂದರೆ, ವಿದ್ಯೆಯಲ್ಲಿ ‘ತನ್ನದು, ಪರರದು’ ಎಂದು ಗೆರೆ ಕೊರೆಯುವುದು ಎಷ್ಟು ಕಷ್ಟವೆಂಬುದು ತಿಳಿಯುತ್ತದೆ. ರಷ್ಯಕ್ಕೂ ನಮ್ಮ ರಂಗಭೂಮಿಗೂ ನಂಟು ಬೆಳೆದುದು ಇದೇ ಮೊದಲೂ ಅಲ್ಲ. ೧೭೯೫ರಲ್ಲಿಯೇ ಗೆರಾಸಿಮ್ ಲೆಬೆದೆಫ್ ಎಂಬ ರಷ್ಯದ ಸಂಗೀತಗಾರರು ಕಲ್ಕತ್ತೆಯಲ್ಲಿ ರಂಗಮಂದಿರ ಕಟ್ಟಿಸಿ, ಬಂಗಾಳದ ಗಂಡಸರು ಹೆಂಗಸರು ಇಬ್ಬರಿಂದಲೂ ಬಂಗಾಳಿ ನಾಟಕವನ್ನಾಡಿಸಿದ್ದರು.

ಕನ್ನಡಕ್ಕೆ ಈ ಪದ್ಧತಿ ಮುಖ್ಯವಾಗಿ ಬಂದುದು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ಮೂಲಕ. ೧೯೫೯ರಲ್ಲಿ ಹುಟ್ಟಿದ ಆ ಶಾಲೆಯನ್ನು ೧೯೬೨ರಿಂದ ೧೯೭೭ರವರೆಗೆ ನಡೆಸಿದ ಇಬ್ರಾಹಿಂ ಅಲ್ಕಾಜಿಯವರು ಶಿಸ್ತಿನ ಶಿಕ್ಷಣಕ್ರಮವನ್ನು ರೂಪಿಸಿದರು. ಅಲ್ಲಿ ಕಲಿತ ಬಿ. ವಿ. ಕಾರಂತರು, ಅನಂತರ ಪ್ರಸನ್ನ ಮೊದಲಾದವರು ನಾಡಿಗೆ ಹೊಸ ಕಣ್ಣು ತಂದರು. ಕಾರಂತರು ಗುಬ್ಬಿ ಕಂಪೆನಿಯಲ್ಲಿ ಬೆಳೆದವರಾದುದರಿಂದ ಹೊರಗಿನ ಪಾಠಕ್ಕೆ ಒಳಗಿನ ಹಾಡನ್ನು ಬಲಿಕೊಡಲಿಲ್ಲ. ಚಂದ್ರಶೇಖರ ಕಂಬಾರರು ಬಯಲಾಟದ ಧಾಟಿಯಲ್ಲಿ ಬರೆದ ‘ಜೋಕುಮಾರಸ್ವಾಮಿ’ಯನ್ನು ಅವರು ರಂಗಕ್ಕೆ ತಂದ ರೀತಿಯೇ ಇದಕ್ಕೆ ಸಾಕ್ಷಿ. ಹೆಗ್ಗೋಡಿನಲ್ಲಿ ಕೆ. ವಿ. ಸುಬ್ಬಣ್ಣನವರು ೧೯೮೦ರಲ್ಲಿ ಆರಂಭಿಸಿದ ನೀನಾಸಮ್ ರಂಗಶಿಕ್ಷಣ ಕೇಂದ್ರದಿಂದ ಈ ವಿದ್ಯೆ ಹಳ್ಳಿಯ ಹುಡುಗರಿಗೂ ಎಟುಕುವಂತಾಯಿತು.

ಎಲ್ಲರಿಗೂ ಕಾರಂತರ ವಿವೇಕ ಇರುವುದಿಲ್ಲ. ಕೆಲವು ವರ್ಷಗಳ ಹಿಂದೆ ಕಂಪ್ಲಿಯ ಕಡೆಯ ಹಳ್ಳಿಯೊಂದರಲ್ಲಿ ನಡೆದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಪಟ್ಟಣದಿಂದ ಬಂದಿದ್ದ ಉತ್ಸಾಹಿ ತರುಣರೊಬ್ಬರು ಬಯಲಾಟದ ಮೇಳಕ್ಕೆ ಶಿಬಿರ ನಡೆಸಿದರು. ‘ಕೂಗಬೇಡಿ, ಸಹಜವಾಗಿ ಮಾತಾಡಿ, ಒಳಗೆ ಅನುಭವಿಸಿ’ ಎಂಬುದೇ ಅವರ ಉಪದೇಶ. ಮೂವತ್ತು ವರ್ಷ ರಾಜಪಾತ್ರ ಕಟ್ಟಿದ್ದ ಹಿರಿಯ ಕಲಾವಿದರು ವಿಧೇಯತೆಯಿಂದ ಒಪ್ಪಿದರು. ಆಟದ ರಾತ್ರಿ ಅಟ್ಟದ ಮೇಲೆ ಅವರು ಸಹಜವಾಗಿ ಮಾತಾಡಿದರು. ಹತ್ತು ಮಾರು ಆಚೆ ಕುಳಿತವರಿಗೆ ಒಂದಕ್ಷರ ಕೇಳಿಸಲಿಲ್ಲ. ನಡುರಾತ್ರಿಯ ಹೊತ್ತಿಗೆ ಅರ್ಧ ಬಯಲು ಬರಿದಾಯಿತು. ಮರುದಿನ ಆ ಹಿರಿಯರು ನನ್ನೊಡನೆ, ‘ಪಂಡಿತರೆ, ನನ್ನ ದನಿ ಕಸಿದುಕೊಂಡರು, ಬದಲಿಗೆ ಏನೂ ಕೊಡಲಿಲ್ಲ’ ಎಂದರು. ಆ ಮಾತು ಈಗಲೂ ನನ್ನ ಕಿವಿಯಲ್ಲಿದೆ. ತಪ್ಪು ರಷ್ಯದ ಗುರುವಿನದಲ್ಲ. ಅವರ ಮೊದಲ ಸಂಪುಟವನ್ನು ಮಾತ್ರ ಓದಿ ಬಂದವರದು. ಕಿರೀಟ ಭುಜಕೀರ್ತಿಗಳನ್ನು ಹೊತ್ತು, ಮದ್ದಳೆಯ ಪೆಟ್ಟಿಗೆ ಹೆಜ್ಜೆ ಹಾಕುತ್ತ ಬೆಳಗಿನವರೆಗೆ ಆಡುವ ಕಲೆಗೆ ನಾಟ್ಯಧರ್ಮಿಯೇ ಸಹಜ. ಸಣ್ಣ ಮಂದಿರದಲ್ಲಿ ಉಸಿರು ಕೇಳಿಸುವಷ್ಟು ಹತ್ತಿರ ಕುಳಿತವರಿಗೆ ಆಡುವ ಲೋಕಧರ್ಮಿಯ ಅಳತೆಗೋಲಿನಿಂದ ಅದನ್ನು ಅಳೆಯಬಾರದು.

ಆದರೆ ಇನ್ನೊಂದು ಮುಖವನ್ನೂ ಹೇಳದಿದ್ದರೆ ಅಪಚಾರವಾದೀತು. ನಮ್ಮ ದೊಡ್ಡಾಟದಲ್ಲಿ ಪಾತ್ರ ಪ್ರವೇಶಿಸಿದೊಡನೆ ಸಾರಥಿ ಎದುರು ನಿಂತು ಕೇಳುತ್ತಾನೆ: ತಾವು ಧಾರು? ಯಾವ ದೇಶ? ಯಾರ ಮಗ? ಇಲ್ಲಿಗೆ ಬಂದ ಕಾರಣವೇನು? ಸ್ಟಾನಿಸ್ಲಾವ್‌ಸ್ಕಿ ನಟನ ಒಳಗೆ ಎಬ್ಬಿಸಬೇಕೆಂದ ಪ್ರಶ್ನೆಗಳು ಇವೇ ಅಲ್ಲವೆ? ವ್ಯತ್ಯಾಸವಿಷ್ಟೆ. ನಮ್ಮ ಸಾರಥಿ ಹೊರಗೆ ನಿಂತು ಜನರಿಗಾಗಿ ಕೇಳುತ್ತಾನೆ. ಉತ್ತರ ಬಾಯಿಪಾಠವಾಗಿ ಬರುತ್ತದೆ. ರಷ್ಯದ ಸಾರಥಿ ನಟನ ಎದೆಯೊಳಗೆ ಕುಳಿತು ಕೇಳುತ್ತಾನೆ; ಉತ್ತರವನ್ನು ಪ್ರತಿ ರಾತ್ರಿಯೂ ಹೊಸದಾಗಿ ಹುಡುಕಬೇಕು. ನಮ್ಮ ಅನೇಕ ಮೇಳಗಳಲ್ಲಿ ಕಾಲಕ್ರಮದಿಂದ ಆ ಪ್ರಶ್ನೋತ್ತರ ಬರಿಯ ಸಂಪ್ರದಾಯವಾಗಿ ಉಳಿದಿದೆಯೆಂಬುದನ್ನು ಒಪ್ಪಿಕೊಳ್ಳಲೇಬೇಕು.

ಇದನ್ನು ನಾನು ಕಲಿತುದು ಮಕ್ಕಳಿಂದ. ಒಂದು ವರ್ಷ ವಾರ್ಷಿಕೋತ್ಸವಕ್ಕೆ ಕುಮಾರರಾಮನ ಕಥೆಯನ್ನು ಆಡಿಸಿದೆವು. ಕಂಪ್ಲಿಯೂ ಸಂಡೂರಿನ ಬೆಟ್ಟಸಾಲಿನ ಹೊಸಮಲೆದುರ್ಗವೂ ಈ ಕಥೆಯ ನೆಲವೇ ಆದುದರಿಂದ ನಮ್ಮ ಮಕ್ಕಳಿಗೆ ಅದು ಮನೆಯ ಕಥೆ. ಚೆಂಡು ಹೋಗಿ ಮಲತಾಯಿ ರತ್ನಾಜಿಯ ಅರಮನೆಯಲ್ಲಿ ಬೀಳುತ್ತದೆ. ತರಲು ಹೋದ ರಾಮ ಅವಳ ಮೋಹವನ್ನು ನಿರಾಕರಿಸುತ್ತಾನೆ. ಅವಳ ಸುಳ್ಳನ್ನು ನಂಬಿ ಕಂಪಿಲರಾಯ ಮಗನ ತಲೆ ತೆಗೆಯಲು ಆಜ್ಞಾಪಿಸುತ್ತಾನೆ. ರಾಯನ ಪಾತ್ರದ ಹುಡುಗ ಕಣ್ಣು ಕೆಂಪು ಮಾಡಿ, ಸಿನಿಮಾ ಖಳನಂತೆ ಅಬ್ಬರಿಸುತ್ತಿದ್ದ. ಎಷ್ಟು ತಿದ್ದಿದರೂ ಅದೇ. ಕೊನೆಗೆ ಒಂದು ಸಂಜೆ, ‘ರಾಯನಿಗೆ ಮಗನ ಮೇಲೆ ಪ್ರೀತಿ ಇತ್ತೋ ಇಲ್ಲವೋ?’ ಎಂದು ಕೇಳಿದೆ. ‘ಇತ್ತು ಸರ್’ ಎಂದ. ‘ಹಾಗಾದರೆ ಆಜ್ಞೆ ಕೊಡುವಾಗ ಅವನು ಯಾರ ಮುಖ ನೋಡುತ್ತಾನೆ?’ ಹುಡುಗ ಬಹಳ ಹೊತ್ತು ಸುಮ್ಮನಿದ್ದು, ‘ಯಾರ ಮುಖವನ್ನೂ ನೋಡಲ್ಲ ಸರ್, ನೋಡಿದರೆ ಹೇಳೋಕಾಗಲ್ಲ’ ಎಂದ. ಉತ್ಸವದ ದಿನ ಅವನು ತಲೆ ತಗ್ಗಿಸಿ, ದನಿಯನ್ನು ಏರಿಸದೆ, ಆದರೆ ಕೊನೆಯ ಸಾಲಿಗೂ ಕೇಳುವಂತೆ ಒಂದೊಂದೇ ಅಕ್ಷರವನ್ನು ಬಿಡಿಸಿ ಆ ಆಜ್ಞೆಯನ್ನು ನುಡಿದಾಗ ಸಭೆ ನಿಶ್ಶಬ್ದವಾಯಿತು. ಮಾಸ್ಕೋದ ಹೆಸರನ್ನೇ ಕೇಳದ ಹುಡುಗ ಅವನು. ಒಂದು ಪ್ರಶ್ನೆಯ ಬಲ ಅಷ್ಟು. ಆದರೆ ಉಚ್ಚಾರ ಶುದ್ಧಿಗಾಗಿ ಅವನು ಮೂರು ವರ್ಷ ಷಟ್ಪದಿಗಳನ್ನು ಗಟ್ಟಿಯಾಗಿ ಓದಿದ್ದನೆಂಬುದನ್ನು ಮರೆಯಬಾರದು. ಅದಿಲ್ಲದೆ ಪ್ರಶ್ನೆಯೊಂದೇ ಅವನನ್ನು ಕೊನೆಯ ಸಾಲಿಗೆ ಮುಟ್ಟಿಸುತ್ತಿರಲಿಲ್ಲ.

ಈಗ ಆರಂಭದ ಪ್ರಶ್ನೆಗೆ ಬರುತ್ತೇನೆ. ಸ್ಟಾನಿಸ್ಲಾವ್‌ಸ್ಕಿಯವರ ಕಾಲದವರೇ ಆದ ಮಹಾನಟರೊಬ್ಬರು ನಮ್ಮ ಸೀಮೆಯಲ್ಲಿದ್ದರು. ೧೮೮೦ರಲ್ಲಿ ತಾಡಪತ್ರಿಯಲ್ಲಿ ಜನಿಸಿ, ಬಳ್ಳಾರಿಯಲ್ಲಿ ವಕೀಲಿ ಮಾಡುತ್ತಿದ್ದ ರಾಘವಾಚಾರ್ಯರು. ನಾಡು ಅವರನ್ನು ಬಳ್ಳಾರಿ ರಾಘವರೆಂದೇ ಕರೆಯಿತು. ಸೋದರಮಾವಂದಿರಾದ ಧರ್ಮವರಂ ರಾಮಕೃಷ್ಣಾಚಾರ್ಯರ ಸರಸ ವಿನೋದಿನಿ ಸಭೆ, ಕೋಲಾಚಲಂ ಶ್ರೀನಿವಾಸರಾಯರ ಸುಮನೋರಮಾ ಸಭೆ, ಹೀಗೆ ಎರಡು ನಾಟಕ ಸಭೆಗಳಿಂದ ಬಳ್ಳಾರಿ ಆಗ ಕಳೆಗಟ್ಟಿತ್ತು. ವಿಜಯನಗರದ ಪತನವನ್ನು ಕುರಿತ ಕೋಲಾಚಲಂ ಅವರ ನಾಟಕದಲ್ಲಿ ರಾಘವರ ಪಠಾಣನ ಪಾತ್ರ ಮನೆಮಾತಾಯಿತು. ಸಾಯುವ ಗಳಿಗೆಯಲ್ಲಿಯೂ ರಾಗ ಎಳೆದು ಪದ್ಯ ಹಾಡುತ್ತಿದ್ದ ಕಾಲದಲ್ಲಿ, ಮಾತಿನ ಅರ್ಥಕ್ಕೂ ಭಾವಕ್ಕೂ ಹೊಂದದ ಹಾಡು ಬೇಡವೆಂದು ರಾಘವರು ಹಟ ಹಿಡಿದರು. ಸ್ತ್ರೀಪಾತ್ರಗಳನ್ನು ಸ್ತ್ರೀಯರೇ ಆಡಬೇಕೆಂದು ವಾದಿಸಿ ಆಡಿಸಿದರು. ೧೯೨೮ರ ಸುಮಾರಿಗೆ ಇಂಗ್ಲೆಂಡಿಗೂ ಹೋಗಿ ಬಂದರು. ಯಾರ ಶಿಷ್ಯರೂ ಆಗದೆ, ಮಾಸ್ಕೋದಲ್ಲಿ ನಡೆದ ಶೋಧವನ್ನೇ ಅವರು ತಮ್ಮ ಹಾದಿಯಲ್ಲಿ ನಡೆಸಿದರೆಂದು ನಾನು ಭಾವಿಸುತ್ತೇನೆ. ೧೯೪೬ರಲ್ಲಿ ಅವರು ತೀರಿಕೊಂಡರು. ಇಂದು ಬಳ್ಳಾರಿಯಲ್ಲಿ ಅವರ ಹೆಸರಿನ ಕಲಾಮಂದಿರವಿದೆ. ಅವರ ಹೆಸರಿನ ಅಭಿನಯಪದ್ಧತಿ ಇಲ್ಲ. ಒಂದು ದಿನದ ಪಾಠವನ್ನು ಇನ್ನೊಂದು ದಿನಕ್ಕೆ ಜೋಡಿಸಿ ಬರೆದ ಪುಸ್ತಕ ಅವರಿಂದ ನಮಗೆ ದಕ್ಕಲಿಲ್ಲ. ಅವರ ಕಲೆ ಅವರೊಡನೆ ಹೋಯಿತು. ಮಾಸ್ಕೋದ ನಟ ಬರೆದಿಟ್ಟರು, ಶಿಷ್ಯರನ್ನು ಕಟ್ಟಿದರು. ಆದುದರಿಂದ ಅವರ ಕಲೆ ಸಮುದ್ರಗಳನ್ನು ದಾಟಿತು. ರಷ್ಯದ ಪ್ರಭಾವದ ಗುಟ್ಟು ಇದೇ: ಪ್ರತಿಭೆಗಿಂತ ಹೆಚ್ಚಾಗಿ, ಪ್ರತಿಭೆಯನ್ನು ಪಾಠವಾಗಿಸಿದ ಸಾಧನೆ.

ಬರೆದಿಡುವುದು ನಮ್ಮ ನೆಲಕ್ಕೆ ಹೊಸದೆಂದೇನೂ ಅಲ್ಲ. ಸುಮಾರು ೧೫೨೦ರಲ್ಲಿ ಹಂಪಿಯನ್ನು ಕಂಡ ಪೋರ್ಚುಗೀಸ್ ಯಾತ್ರಿಕ ಡೊಮಿಂಗೊ ಪಾಯಸ್ ಅರಮನೆಯ ನೃತ್ಯಶಾಲೆಯೊಂದನ್ನು ವರ್ಣಿಸಿದ್ದಾರೆ. ನರ್ತಕಿಯರು ಅಭ್ಯಾಸ ಮಾಡುವ ಆ ಶಾಲೆಯಲ್ಲಿ ಪ್ರತಿ ನೃತ್ಯದ ಕೊನೆಯ ನಿಲುವನ್ನೂ ಫಲಕಗಳಲ್ಲಿ ಕೆತ್ತಿಸಿದ್ದರಂತೆ. ಮರೆತವಳು ಅದನ್ನು ನೋಡಿ ನೆನಪು ಮಾಡಿಕೊಳ್ಳಬೇಕು. ಕೈಗಳಿಂದ ಹಿಡಿದು ಜೋತು ಮೈಯನ್ನು ಸಡಿಲಗೊಳಿಸಲು ಒಂದು ಮೂಲೆಯೂ ಇತ್ತಂತೆ. ಅಭ್ಯಾಸಶಾಲೆ, ಪಠ್ಯ, ಅಂಗಸಾಧನೆ ಮೂರೂ ಒಂದೇ ಸೂರಿನಡಿ! ೧೫೬೫ರ ತರುವಾಯ ನಾವು ಕಳೆದುಕೊಂಡುದು ಅರಮನೆಗಳನ್ನು ಮಾತ್ರವಲ್ಲ. ವಿದ್ಯೆಯನ್ನು ಮುಂದಿನವರಿಗೆ ದಾಟಿಸುವ ಇಂಥ ಶಾಲೆಗಳನ್ನೂ ಕಳೆದುಕೊಂಡೆವು.

ಈಗಲಾದರೂ ಎಚ್ಚೆತ್ತುಕೊಳ್ಳಬೇಕು. ಬಳ್ಳಾರಿಯ ರಂಗನಟಿ ಸುಭದ್ರಮ್ಮ ಮನ್ಸೂರರು ೨೦೨೦ರಲ್ಲಿಯೂ, ತೊಗಲುಗೊಂಬೆಯ ಬೆಳಗಲ್ಲು ವೀರಣ್ಣನವರು ೨೦೨೩ರಲ್ಲಿಯೂ ಅಗಲಿದರು. ಒಬ್ಬೊಬ್ಬರು ಹೋದಾಗಲೂ ಒಂದೊಂದು ಗ್ರಂಥಭಂಡಾರಕ್ಕೆ ಬೀಗ ಬೀಳುತ್ತದೆ. ಹೊಸಪೇಟೆಯ ಬಳಿಯ ಮರಿಯಮ್ಮನಹಳ್ಳಿಯಂಥ ಊರುಗಳಲ್ಲಿ ರಂಗಕಲೆ ಇನ್ನೂ ಜೀವಂತವಾಗಿದೆ. ಅಲ್ಲಿಯೇ ನೆಲೆಸಿರುವ ಜೋಗತಿ ನೃತ್ಯದ ಮಂಜಮ್ಮನವರಿಗೆ ೨೦೨೧ರಲ್ಲಿ ಪದ್ಮಶ್ರೀ ಸಂದಿತು. ಸನ್ಮಾನ ಸಂತೋಷವೇ. ಆದರೆ ಶಾಲು ಹೊದಿಸಿ ಫಲತಾಂಬೂಲ ಕೊಟ್ಟು ಕಳುಹಿಸುವ ನಾವು ‘ನಿಮ್ಮ ಪಾಠವನ್ನು ಹೇಗೆ ಕಲಿತಿರಿ, ಮೊದಲ ದಿನ ಗುರು ಏನು ಮಾಡಿಸಿದರು?’ ಎಂದು ಕೇಳಿ ಬರೆದುಕೊಳ್ಳುವುದಿಲ್ಲ. ಹಂಪಿಯಲ್ಲಿ ೧೯೯೧ರಲ್ಲಿ ಸ್ಥಾಪನೆಯಾದ ಕನ್ನಡ ವಿಶ್ವವಿದ್ಯಾಲಯ ನಮ್ಮ ಬಾಗಿಲಲ್ಲಿಯೇ ಇದೆ. ಆದರೂ ಎಲ್ಲವನ್ನೂ ವಿದ್ವಾಂಸರಿಗೆ ಬಿಟ್ಟು ನಾವು ಕೈಕಟ್ಟಿ ಕೂರುವುದು ಸರಿಯಲ್ಲ.

ಮಠಮಾನ್ಯಗಳಿಗೆ ಇದು ಸಲ್ಲದ ಕೆಲಸವೆಂದು ಯಾರೂ ತಿಳಿಯಬೇಕಾಗಿಲ್ಲ. ಗದುಗಿನ ಪುಣ್ಯಾಶ್ರಮ ಅಂಧರ ಸಂಗೀತಕ್ಕೆ ಆಸರೆಯಾದುದಲ್ಲದೆ ನಾಟಕ ಸಂಘವನ್ನೂ ನಡೆಸಿತು. ಸಾಣೇಹಳ್ಳಿಯಲ್ಲಿ ಪಂಡಿತಾರಾಧ್ಯ ಸ್ವಾಮಿಗಳು ಕಟ್ಟಿದ ಶಿವಕುಮಾರ ಕಲಾಸಂಘದ ಶಿವಸಂಚಾರ ತಂಡ ೧೯೯೭ರಿಂದ ಊರೂರು ತಿರುಗುತ್ತಿದೆ. ಅಲ್ಲಿ ರಂಗಶಿಕ್ಷಣದ ಶಾಲೆಯೂ ಇದೆ. ನಮ್ಮ ಶಾಲೆಗೆ ಅಷ್ಟು ದೊಡ್ಡ ಹೊಣೆ ಬೇಡ. ವರ್ಷಕ್ಕೊಬ್ಬ ಹಿರಿಯ ಬಯಲಾಟದ ಕಲಾವಿದರನ್ನು ಕರೆಸಿ, ಒಂದು ವಾರ ಇಲ್ಲಿ ಇಟ್ಟುಕೊಂಡು, ಪ್ರೌಢಶಾಲೆಯ ಮಕ್ಕಳಿಂದ ಪ್ರಶ್ನೆ ಕೇಳಿಸಿ, ಹೆಜ್ಜೆ, ಉಸಿರು, ಮಾತು, ಬಣ್ಣಗಳ ಕ್ರಮವನ್ನು ಬರೆಸಿದರೆ ಸಾಕು. ದನಿಯನ್ನೂ ಚಿತ್ರವನ್ನೂ ಹಿಡಿದಿಡುವ ಸಾಧನ ಈಗ ಎಲ್ಲರ ಕಿಸೆಯಲ್ಲಿದೆ; ಇಲ್ಲದಿರುವುದು ಕೇಳುವ ವ್ಯವಧಾನ. ಹತ್ತು ವರ್ಷದಲ್ಲಿ ಹತ್ತು ಹೊತ್ತಗೆಗಳಾದಾವು. ಅವುಗಳ ಪಕ್ಕದಲ್ಲಿ ಸ್ಟಾನಿಸ್ಲಾವ್‌ಸ್ಕಿಯವರ ಗ್ರಂಥದ ಎರಡೂ ಭಾಗಗಳನ್ನಿಟ್ಟು ಓದಿಸೋಣ. ಆಗ ನಮ್ಮ ಮಕ್ಕಳು ಅವರಿಂದ ಪ್ರಶ್ನೆಯನ್ನೂ ನಮ್ಮ ಹಿರಿಯರಿಂದ ದನಿಯನ್ನೂ ಪಡೆದಾರು.

ಪ್ರಭಾವವೆಂದರೆ ಭಯಪಡತಕ್ಕ ವಸ್ತುವಲ್ಲ. ತನ್ನದೆಂಬುದು ಕೈಯಲ್ಲಿ ಇಲ್ಲದವನಿಗೆ ಮಾತ್ರ ಅದು ಪ್ರವಾಹ. ಇರುವವನಿಗೆ ಅದು ಹೊಲಕ್ಕೆ ಹಾಯಿಸುವ ನೀರು. ತುಂಗಭದ್ರೆಯ ನೀರಿನಲ್ಲಿ ಬೆಳೆ ತೆಗೆಯುವ ನಮ್ಮ ಜನಕ್ಕೆ ಇದನ್ನು ವಿವರಿಸಬೇಕಾಗಿಲ್ಲ. ಬದುವನ್ನು ನಾವು ಹಾಕಿಕೊಳ್ಳಬೇಕು. ಆ ಕೆಲಸ ಮುಂದಿನ ವಾರ್ಷಿಕೋತ್ಸವದ ನಾಟಕದಿಂದಲೇ ಆರಂಭವಾಗಲೆಂದು ಹಾರೈಸಿ ವಿರಮಿಸುತ್ತೇನೆ.